ಕುಪ್ಪಮ್ಮನ ಕಡಲು

ಪಳನಿಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಜಿನ ತೊಟ್ಟಿಯೊಳಕ್ಕೆ ಇನ್ನೇನು ಬಿಂದಿಗೆ ಅದ್ದಬೇಕು, ಅಷ್ಟರಲ್ಲಿ ಸುಬ್ಬರಾಯಪ್ಪ ಬಂದು ಅವಳ ಮಣಿಕಟ್ಟು ಹಿಡಿದುಕೊಂಡ. ತಲೆ ನರೆತ ಮೇಲೂ ಅಕ್ಕನ ಎದುರು ಕೂತು ಮಾತಾಡದವನು ಅವನು. ಈಗ ಅವಳ ಕೈಯನ್ನೇ ತಡೆದದ್ದು ಕಂಡು ಮನೆಯವರೆಲ್ಲ ನಿಂತಲ್ಲೇ ನಿಂತರು.

"ಬಿಡಕ್ಕಾ. ಇದೊಂದು ಬಿಟ್ಟು ಬೇರೆ ಏನ್ ಬೇಕಾದ್ರೂ ಚೆಲ್ಲು."

"ಏನ್ಲಾ ಬಿಡೋದು? ಸೂತಕದ ನೀರು ಒಂದು ಚೊಂಬು ಸೈತ ಮನೇಲಿ ನಿಲ್ಬಾರ್ದು. ಸತ್ತೋರು ಕೈಯಿಕ್ಕಿದ ನೀರಂತೂ ಮೊದ್ಲು ಓಗ್ಬೇಕು. ನಮ್ಮ ಮನೆತನದಾಗೆ ಇಲ್ಲದ್ದು ನೀನ್ ಮಾಡ್ತೀಯಾ?"

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಮ್ಮನ ಹೆಂಡತಿ ಕುಪ್ಪಮ್ಮ ತೀರಿಕೊಂಡ ಸುದ್ದಿ ಕೇಳಿ ಎಡಪ್ಪಾಡಿಯಿಂದ ಬಂದವಳು, ಸೂತಕ ಕಳೆಯುವ ದಿನದವರೆಗೂ ಇದ್ದು, ಹಿರಿಯಳಾಗಿ ಮನೆಯನ್ನು ಶುದ್ಧ ಮಾಡಿಸುತ್ತಿದ್ದಳು. ತಮಿಳು ಸೀಮೆಯ ಗುಗೈಯಲ್ಲಿ, ಕನ್ನಡ ಮನೆಮಾತಿನ ಆ ನೇಕಾರರ ಬೀದಿಯ ಮನೆಯಲ್ಲಿ ಬೆಳಗಿನಿಂದ ನೀರೆಂಬ ನೀರೆಲ್ಲ ಚರಂಡಿಗೆ ಹೋಗಿತ್ತು. ಹಂಡೆಯ ನೀರು, ನೂಲು ಸುತ್ತಿದ ಕಂಡಿಕೆ ನೆನೆಸುವ ಬಟ್ಟಲಿನ ನೀರು, ನೂಲಿಗೆ ಹಾಕುವ ಗಂಜಿಯ ಮಡಕೆ, ಎಲ್ಲ ಖಾಲಿ. ಗೋಡೆಗೆ ಸುಣ್ಣ ಬಳಿದಿತ್ತು. ಎರಡು ಮಗ್ಗಗಳ ಮೇಲೂ ಅರಿಸಿನದ ನೀರು ಚಿಮುಕಿಸಿ, ಚೌಡಮ್ಮನ ಪಟದ ಮುಂದೆ ದೀಪ ಹಚ್ಚಿ ಆಗಿತ್ತು. ಉಳಿದದ್ದು ಕಿಟಕಿಯ ಪಕ್ಕದ ಕಟ್ಟೆಯ ಮೇಲಿದ್ದ ಈ ಗಾಜಿನ ತೊಟ್ಟಿ, ಅದರೊಳಗಿನ ಕಡಲ ನೀರು, ಒಂದು ಮೀನು, ಒಂದು ಏಡಿ.

"ಇಲ್ನೋಡು," ಎಂದು ಸುಬ್ಬರಾಯಪ್ಪ ಅಕ್ಕನನ್ನು ತೊಟ್ಟಿಯ ಮುಂಭಾಗಕ್ಕೆ ಕರೆತಂದ.

ಮುಂದಿನ ಗಾಜಿನ ಒಳಮೈಗೆ ಹಸಿರು ಪಾಚಿ ದಪ್ಪವಾಗಿ ಕಟ್ಟಿತ್ತು. ಆ ಹಸಿರಿನ ನಡುವೆ ಒಂದು ಕೈ. ನಾಲ್ಕು ಬೆರಳು, ಹೆಬ್ಬೆರಳು, ಅಂಗೈ. ಅಂಗೈಯ ಕೆಳಗೆ ಸ್ವಲ್ಪ ಜಾರಿದ ಗುರುತು. ಪಾಚಿ ಹೋದ ಅಷ್ಟು ಜಾಗದಲ್ಲಿ ಮಾತ್ರ ಗಾಜು ತಿಳಿಯಾಗಿತ್ತು. ಪಳನಿಯಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬಿಂದಿಗೆ ಕೆಳಗಿಟ್ಟಳು.

"ಕುಪ್ಪಿದಾ?" ಎಂದಳು, ಸಣ್ಣ ದನಿಯಲ್ಲಿ.

ಅವನು ತಲೆಯಾಡಿಸಿದ.

"ಅದುಕ್ಕೇ ಏಳ್ತೀನಿ, ಚೆಲ್ಲಿಬಿಡು. ಓದೋರನ್ನ ಇಂಗೆ ಇಡ್ಕೊಂಡು ಕುಂತ್ರೆ ಅವ್ರಿಗೂ ದಾರಿ ಕಾಣಲ್ಲ, ನಿನಗೂ ಕಾಣಲ್ಲ."

"ದಾರಿ ಕಾಣ್ದಿದ್ರೆ ಕಾಣ್ದಿರ್ಲಿ," ಎಂದ ಸುಬ್ಬರಾಯಪ್ಪ. ಅಕ್ಕ ಮಾತು ಬೆಳೆಸಲಿಲ್ಲ. ಮೊಂಡರ ಜೊತೆ ವಾದಕ್ಕೆ ಇಳಿದರೆ ತಾನೂ ಮೊಂಡಾಗಬೇಕು ಎಂಬುದು ಅವಳಿಗೆ ತಿಳಿದಿತ್ತು. ಮಧ್ಯಾಹ್ನದ ಊಟ ಮುಗಿಸಿ ಎಡಪ್ಪಾಡಿಯ ಬಸ್ಸು ಹತ್ತಿದಳು.

ಆ ತೊಟ್ಟಿ ಆ ಮನೆಗೆ ಬಂದದ್ದೂ ಮೊಂಡುತನದಿಂದಲೇ. ಸ್ವಾತಂತ್ರ್ಯ ಬಂದ ನಾಲ್ಕೈದು ವರ್ಷಕ್ಕೆ ನೇಕಾರರ ಸೊಸೈಟಿಯವರು ಮದರಾಸಿನ ಕೈಮಗ್ಗದ ಪ್ರದರ್ಶನಕ್ಕೆ ಸುಬ್ಬರಾಯಪ್ಪನನ್ನು ಕಳಿಸಿದ್ದರು. ಅಲ್ಲಿ ಅವನು ಮೊದಲ ಸಲ ಕಡಲು ನೋಡಿದ. ತಿರುಗಿ ಬಂದ ದಿನ ಕುಪ್ಪಮ್ಮ ರಾಟೆ ನಿಲ್ಲಿಸಿ ಕೇಳಿದಳು: "ಕಡಲು ಎಂಗೈತೆ?"

ಸೀರೆಯ ಅಂಚನ್ನು ಎಳೆ ಎಳೆಯಾಗಿ ವರ್ಣಿಸಬಲ್ಲ ಗಂಡನ ಬಾಯಿಂದ ಆವತ್ತು ಮಾತೇ ಹೊರಡಲಿಲ್ಲ. "ದೊಡ್ಡದೈತೆ," ಎಂದ.

"ದೊಡ್ಡದು ಅಂದ್ರೆ? ಮೇಟ್ಟೂರು ಡ್ಯಾಮಿಗಿಂತ್ಲೂವಾ?"

"ಅದುಕ್ಕಿಂತ್ಲೂ. ಉಪ್ಪು ಬೇರೆ."

"ಅಷ್ಟು ಏಳೋಕೆ ಮದರಾಸುಗಂಟ ಓಗಿದ್ಯಾ?" ಎಂದು ಅವಳು ನಕ್ಕಳು. ಮುಂದಿನ ಸಲ ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಮಾತು ಕೊಟ್ಟ. ಮುಂದಿನ ಸಲ ಬಂದಾಗ ಮಗ್ಗದಲ್ಲಿ ಸೀರೆ ಅರ್ಧಕ್ಕೆ ನಿಂತಿತ್ತು, ಸೊಸೆ ರಾಜಾತಿಗೆ ದಿನ ತುಂಬಿತ್ತು. ಅವನೊಬ್ಬನೇ ಹೋದ. ಬರಿಗೈಯಲ್ಲಿ ಹೆಂಡತಿಯ ಮುಖ ನೋಡಲು ನಾಚಿಕೆಯಾಗಿ, ಸಾಕುಮೀನು ಮಾರುವ ಅಲ್ಲಿನ ಮೂರ್ ಮಾರ್ಕೆಟ್ಟಿನಿಂದ ಒಂದು ಡಬ್ಬದಲ್ಲಿ ಕಡಲ ನೀರು, ಅದರಲ್ಲಿ ಕಪ್ಪು ಪಟ್ಟೆಯ ಸಣ್ಣ ಮೀನು ಮತ್ತು ಶಂಖದೊಳಗೆ ಮನೆ ಮಾಡಿಕೊಂಡಿದ್ದ ಏಡಿಯನ್ನು ತಂದ. ಶೇವಾಪೇಟೆಯ ತಗಡಿನ ಕೆಲಸದವನಿಂದ ಕಬ್ಬಿಣದ ಚೌಕಟ್ಟು ಮಾಡಿಸಿ, ಗಾಜು ಕೂರಿಸಿ, ತುಕ್ಕು ಹಿಡಿಯದಂತೆ ಟಾರು ಬಳಿಸಿದ. "ಕಡ್ಲನ್ನೇ ತಂದಿವ್ನಿ, ನೋಡ್ಕೋ," ಎಂದ.

ಬೀದಿಯವರು ನಗದೆ ಬಿಡುತ್ತಾರೆಯೇ? ಜನಿವಾರ ಹಾಕಿಕೊಂಡು ಮೀನು ಸಾಕುವ ಸುಬ್ಬರಾಯಪ್ಪನನ್ನು ಕಂಡಾಗಲೆಲ್ಲ "ಸಾರು ಯಾವಾಗಣ್ಣಾ?" ಎಂದು ಕೇಳುವುದು ಒಂದು ವಾಡಿಕೆಯೇ ಆಗಿಹೋಯಿತು. ಆದರೆ ಮೀನು ಬದುಕಿತು. ಬದುಕಿದ್ದು ಅವನಿಂದಲ್ಲ. ತಂದವನು ಅವನು, ನೋಡಿ ಖುಷಿಪಡುವವನು ಅವನು, ಮಾಡುವವಳು ಕುಪ್ಪಮ್ಮ. ದಿನಾ ಬೆಳಿಗ್ಗೆ ಒಲೆ ಹಚ್ಚಿದ ಮೇಲೆ ತೊಟ್ಟಿಗೆ ಬೆರಳದ್ದಿ, ಹುಳಿಯ ರುಚಿ ನೋಡುವ ಹಾಗೆ ನಾಲಿಗೆಗಿಟ್ಟು ನೋಡುತ್ತಿದ್ದಳು. ಬಿಸಿಲಿಗೆ ನೀರು ಆರಿ ಉಪ್ಪು ಹೆಚ್ಚಾಗಿದ್ದರೆ, "ಉಪ್ಪೇರೈತೆ, ಒಂದು ಚೊಂಬು ಸೀನೀರು ಬಿಡ್ಬೇಕು," ಎಂದು ತಾನೇ ಹೇಳಿ ತಾನೇ ಬಿಡುತ್ತಿದ್ದಳು. ಏಡಿಗೆ ಅವಳಿಟ್ಟ ಹೆಸರು ಬಾಡಿಗೆಯವನು.

ಆಮೇಲೆ ಪಾಚಿ. ಅದರದೊಂದು ಮುಗಿಯದ ಕಥೆ. ಕಳಿಸಿಕೊಟ್ಟ ನೆಂಟ ಮರುದಿನವೇ ಬಾಗಿಲಲ್ಲಿ ನಿಂತ ಹಾಗೆ, ಇವತ್ತು ಒರೆಸಿದರೆ ನಾಳಿದ್ದಕ್ಕೆ ಗಾಜಿಗೆ ಹಸಿರು ಮಂಕು ಹತ್ತಿರುತ್ತಿತ್ತು. ಕುಪ್ಪಮ್ಮ ಗಂಜಿ ಹಾಕಿ ಬಿರುಸಾದ ಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿಕೊಂಡು, ಮೊಣಕೈವರೆಗೂ ನೀರಿಗಿಳಿಸಿ ಉಜ್ಜುವಳು. ಗಾಜಿಗೆ ಅವಳ ಬಳೆ ತಾಗುವ ಸದ್ದು ಮಗ್ಗದ ಗುಂಡಿಯಲ್ಲಿ ಕೂತ ಗಂಡನಿಗೆ ಕೇಳುತ್ತಿತ್ತು. ತೊಟ್ಟಿಯನ್ನು ಕಿಟಕಿಯಿಂದ ಈಚೆಗೆ ಇಡು ಎಂದು ಅವಳು ಸಾವಿರ ಸಲ ಹೇಳಿದ್ದಳು. ಬಿಸಿಲಿದ್ದರೇ ಪಟ್ಟೆ ಹೊಳೆಯುವುದು ಎಂದು ಅವನು ಕೇಳಲಿಲ್ಲ.

"ಬಿಸ್ಲಿಗಿಕ್ಕಿದ್ರೆ ಪಾಚಿ ಬರ್ದೆ ಮಲ್ಲಿಗೆ ಬರ್ತದಾ? ಒಳೇಲಿ ಉಣಿಸೇಣ್ಣು ತೊಳ್ದಂಗೆ ಆಯ್ತು ನನ್ ಬಾಳು," ಎನ್ನುವಳು. ಎಂದುಕೊಂಡೇ ಉಜ್ಜುವಳು.

ಕೊನೆಯಲ್ಲಿ ಅವಳಿಗೆ ಜ್ವರ ಬಂತು. ಮಲಗಿದವಳು ವಾರ ಕಳೆದರೂ ಏಳಲಿಲ್ಲ. ರಾಜಾತಿಗೆ ಎರಡನೇ ಕೂಸು, ಅಡುಗೆ, ಅತ್ತೆಯ ಕಷಾಯ; ತೊಟ್ಟಿಯ ಗಾಜು ಒರೆಸಲು ಪುರುಸೊತ್ತಿರಲಿಲ್ಲ. ಸುಬ್ಬರಾಯಪ್ಪನಿಗೆ ತಾನೇ ಒರೆಸಬಹುದು ಎಂದು ಹೊಳೆಯಲೇ ಇಲ್ಲ. ಗಾಜು ಸುಣ್ಣದ ಬದಲು ಹಸಿರು ಬಳಿದ ಗೋಡೆಯಂತಾಯಿತು. ಒಂದು ಸಂಜೆ ಅವನು ಅದರ ಮುಂದೆ ನಿಂತು, "ಮೀನು ಐತೋ ಸತ್ತೋಯ್ತೋ ತಿಳಿಯಂಗಿಲ್ಲ. ಈ ಮನೇಲಿ ಕೇಳೋರಿಲ್ಲ, ಮಾಡೋರಿಲ್ಲ," ಎಂದುಬಿಟ್ಟ. ಯಾರನ್ನೂ ಕುರಿತು ಆಡಿದ್ದಲ್ಲ. ಬಾಯಿಗೆ ಬಂದದ್ದು. ಒಳಗೆ ಚಾಪೆಯ ಮೇಲಿದ್ದ ಕುಪ್ಪಮ್ಮನಿಗೆ ಅದು ಕೇಳಿಸಿತು.

ಮರುದಿನ ಬೆಳಿಗ್ಗೆ ಅವಳು ಎದ್ದಳು. "ಇನ್ನೂ ಮೈ ಸುಡ್ತೈತೆ ಅತ್ತೆ, ಮನಿಕ್ಕೊಳ್ಳಿ," ಎಂದು ರಾಜಾತಿ ಎಷ್ಟು ಹೇಳಿದರೂ ಕೇಳಲಿಲ್ಲ. ಮೊಳೆಗೆ ನೇತುಹಾಕಿದ್ದ ಬಟ್ಟೆ ತೆಗೆದುಕೊಂಡು ತೊಟ್ಟಿಗೆ ಕೈ ಇಳಿಸಿದಳು. ಬಳೆ ಒಂದು ಸಲ ತಾಗಿದ ಸದ್ದು ಮಗ್ಗಕ್ಕೆ ಕೇಳಿಸಿತು. ಎರಡನೇ ಸಲ ಕೇಳಿಸಲಿಲ್ಲ. ಬಟ್ಟೆ ಕೈಯಿಂದ ಜಾರಿತ್ತು; ತಲೆ ಸುತ್ತಿದವಳು ಆಸರೆಗೆ ಅಂಗೈಯನ್ನು ಒಳಗಿನ ಗಾಜಿಗೆ ಊರಿದ್ದಳು. ಹಾಗೇ ಕಟ್ಟೆಗೆ ಒರಗಿ ಕೂತಳು. "ಎದೆ ಇಡ್ಕೊಂಡಂಗೈತೆ" ಎಂದಳು. ಮಗ ಪೊನ್ನುಸ್ವಾಮಿ ಡಾಕ್ಟರನ್ನು ಕರೆತರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮನೆಯಲ್ಲಿ ಕುಪ್ಪಮ್ಮನದು ಎಂದು ಒಂದು ಫೋಟೋ ಇರಲಿಲ್ಲ. ತೆಗೆಸೋಣ, ತೆಗೆಸೋಣ ಎಂದು ಹಬ್ಬದಿಂದ ಹಬ್ಬಕ್ಕೆ ದೂಡಿದ್ದರು. ಕರ್ಮದ ದಿನಗಳಲ್ಲಿ ಚೊಂಬಿನ ಮೇಲೆ ತೆಂಗಿನಕಾಯಿ ಇಟ್ಟು ಅದಕ್ಕೇ ಕುಂಕುಮ ಹಚ್ಚಿದರು. ಹೆಂಡತಿಯ ಗುರುತೆಂದು ಸುಬ್ಬರಾಯಪ್ಪನಿಗೆ ಉಳಿದದ್ದು ಆ ಪಾಚಿಯ ನಡುವಿನ ಕೈ ಮಾತ್ರ.

ಅವನು ಬೆಳಿಗ್ಗೆ ಎದ್ದವನೇ ಅದರ ಮುಂದೆ ಕೂರುತ್ತಿದ್ದ. ಒಳಗೆ ಓಡಾಡುತ್ತಿದ್ದ ಮೀನು ಅಂಗೈಯ ಹಿಂದೆ ಬಂದಾಗ ಮಾತ್ರ ಕಾಣುತ್ತಿತ್ತು. ಅವಳು ಅಂಗೈಯಲ್ಲಿ ಮೀನನ್ನು ಹಿಡಿದು ತೋರಿಸಿದ ಹಾಗೆ ಒಂದು ಕ್ಷಣ, ಆಮೇಲೆ ಬರೀ ನೀರು. ಬಲಗೈ ಹೆಬ್ಬೆರಳಿನ ಪಕ್ಕ, ಎಂದೋ ಎಳೆ ಕೊಯ್ದು ಆಗಿದ್ದ ಗಾಯದ ಗೆರೆ ಕೂಡ ಅದರಲ್ಲಿ ಇದೆ ಎಂದು ಅವನು ರಾಜಾತಿಗೆ ತೋರಿಸಿದ. ಅವಳಿಗೆ ಕಾಣಲಿಲ್ಲ. "ಊಂ ಮಾವಾ, ಐತೆ" ಎಂದಳು.

ಆದರೆ ಪಾಚಿಗೆ ಸತ್ತವರ ಹಂಗಿಲ್ಲ. ಅಕ್ಕ ಹೋದ ಕೆಲವೇ ದಿನಕ್ಕೆ ಬೆರಳುಗಳ ಅಂಚು ಮಸುಕಾಗತೊಡಗಿತು. ಮೊದಲು ಕಿರುಬೆರಳ ತುದಿ ಮುಚ್ಚಿತು. ಆಮೇಲೆ ಅಂಗೈಯ ನಡುವೆ ಧೂಳು ಕೂತಂತೆ ಹಸಿರು. ಇಷ್ಟು ವರ್ಷ ಆ ಪಾಚಿಯನ್ನು ಬೈದು ಗೊತ್ತಿದ್ದ ಸುಬ್ಬರಾಯಪ್ಪನಿಗೆ ಈಗ ಅದರ ಮೇಲೆ ಹುಟ್ಟಿದ್ದು ಕೋಪವಲ್ಲ, ಭಯ. ನಾಲ್ಕು ಮೊಳದ ಪಂಚೆಯೊಂದನ್ನು ಮಡಿಸಿ ತೊಟ್ಟಿಯ ಮೇಲೆ ಹೊದಿಸಿ ಬಿಸಿಲು ತಡೆದ. ಹೆಂಡತಿ ಬದುಕಿದ್ದಾಗ ಇಷ್ಟು ಮಾಡಿದ್ದರೆ ಅವಳ ಅರ್ಧ ಕೆಲಸ ಉಳಿಯುತ್ತಿತ್ತು ಎಂಬುದು ಪಂಚೆ ಹೊದಿಸುವಾಗಲೇ ಅವನಿಗೆ ಹೊಳೆಯಿತು.

"ನೀವೇ ಸುತ್ತ ಮೆಲ್ಲಗೆ ಒರೆಸ್ಕೊಂಡ್ ಬನ್ನಿ ಮಾವಾ," ಎಂದಳು ರಾಜಾತಿ. "ಅತ್ತೆ ಕೈ ಎಂಗಿತ್ತೋ ಅಂಗೇ ಇರ್ತೈತೆ."

ಒಂದು ಕೋಳಿಗರಿ ಹಿಡಿದು ಅವನು ಅದನ್ನೂ ಮಾಡಿ ನೋಡಿದ. ಕಿರುಬೆರಳನ್ನು ಬಿಡಿಸಿದ. ಬಿಡಿಸಿ ನೋಡಿದರೆ ಅದು ಕುಪ್ಪಮ್ಮನ ಬೆರಳಾಗಿರಲಿಲ್ಲ. ತನ್ನ ಗರಿ ಎಳೆದ ಗೆರೆಯಾಗಿತ್ತು. ಗರಿಯನ್ನು ಬಿಸಾಡಿದ.

ಆ ವಾರ ಈಶ್ವರನ್ ಬಂದ. ಅವನು ರೈಲ್ವೆಯ ಗಾರ್ಡ್. ಮದರಾಸಿನ ಗಾಡಿಯಲ್ಲಿ ಓಡಾಡುವವನು. ಪಕ್ಕದ ಬೀದಿಯವನಾದ್ದರಿಂದ ಹಳೆಯ ಸ್ನೇಹ. ತಿಂಗಳಿಗೊಮ್ಮೆ ಬೆತ್ತದ ಬುಟ್ಟಿಯಲ್ಲಿ ಕೂರಿಸಿದ ಗಾಜಿನ ಜಾಡಿಯಲ್ಲಿ ಕಡಲ ನೀರು ತುಂಬಿ ತರುತ್ತಿದ್ದ. ಈ ಸಲ ಹೆಂಡತಿಯ ಊರಿಗೆ ಹೋಗಿದ್ದವನು ನೇರವಾಗಿ ಡ್ಯೂಟಿಗೆ ಸೇರಿ, ಅಲ್ಲಿಂದ ಜಾಡಿಯ ಸಮೇತ ಇಲ್ಲಿಗೇ ಬಂದಿದ್ದ. ಏನೂ ತಿಳಿದಿರಲಿಲ್ಲ.

"ಅಕ್ಕಾ ಎಂಗೇ, ಕಾಣೋಮೇ? ಕಾಪಿ ವಾಸನೆಯೇ ಇಲ್ಲ ಇವತ್ತು," ಎನ್ನುತ್ತ, ಕುಪ್ಪಮ್ಮನಿಗಾಗಿ ಅತ್ತಿತ್ತ ನೋಡುತ್ತ ಜಾಡಿ ಇಳಿಸಿದ. ತಮಿಳಿನವನಾದ ಅವನು ಈ ಮನೆಯಲ್ಲಿ ಆಡುತ್ತಿದ್ದುದು ಅರ್ಧ ತಮಿಳು, ಅರ್ಧ ಕನ್ನಡ. ಸುಬ್ಬರಾಯಪ್ಪನ ಬೋಳಿಸಿದ ತಲೆ ಅವನ ಕಣ್ಣಿಗೆ ಬಿದ್ದದ್ದು ಆಮೇಲೆ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಜಗಲಿಯ ಮೇಲೆ ಕೂತುಬಿಟ್ಟ.

ರಾಜಾತಿ ಕಾಪಿ ಕೊಟ್ಟಳು. ಅವನು ಕುಡಿಯಲಿಲ್ಲ. "ಎಷ್ಟು ಸಲ ಸೊಲ್ಲಿದೆನಣ್ಣಾ, ಪಾಸ್ ಮಾಡಿಸ್ತೀನಿ, ಅಕ್ಕಾವ ಕಳಿಸು, ಎನ್ ಎಂಡ್ತಿ ಜತೆ ಓಗಿ ಕಡಲು ನೋಡ್ಕೊಂಡ್ ಬರ್ಲಿ ಅಂತ."

"ನೀನ್ ಏಳಿದ್ದೆ," ಎಂದ ಸುಬ್ಬರಾಯಪ್ಪ. "ನಾನೇ ಮಗ್ಗ ನಿಂತೋಯ್ತದೆ, ಕಂಡಿಕೆ ಸುತ್ತೋರಿಲ್ಲ ಅಂತಿದ್ದೆ."

"ಅವ್ರೂ ನಕ್ಕೊಂಡೇ, ನನಗೇನಪ್ಪಾ, ದಿನಾ ಕಡಲಲ್ಲೇ ಕೈಯಿಕ್ಕೊಂಡಿರ್ತೀನಿ ಅಂದ್ರು." ಈಶ್ವರನ್ ನಗಲು ಹೋದ, ಆಗಲಿಲ್ಲ, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ಸುಬ್ಬರಾಯಪ್ಪ ಅವನನ್ನು ಕರೆದು ಪಂಚೆ ಸರಿಸಿ ಕೈಯನ್ನು ತೋರಿಸಲಿಲ್ಲ. ತೋರಿಸುವಷ್ಟು ಅದು ಉಳಿದಿರಲಿಲ್ಲ ಎಂಬ ಅಳುಕು. ಇನ್ನೊಂದು ವಾರ ಹೋದರೆ ಅದು ಪೂರ್ತಿ ಮುಚ್ಚುತ್ತದೆ ಎಂದು ಅವನ ಲೆಕ್ಕ.

ದಾರಿ ಸಿಕ್ಕಿದ್ದು ಹಿತ್ತಲಲ್ಲಿ. ಪೊನ್ನುಸ್ವಾಮಿ ಅಂಚಿನ ನೂಲಿಗೆ ಕಾಚಿನ ಬಣ್ಣ ಹಾಕುತ್ತಿದ್ದ. ಕಾಚು ಕುದಿಸಿದ ನೀರಿನಿಂದ ಕಂದು ಲಡಿಯನ್ನು ಎತ್ತಿ ಹಿಂಡಿ, ಪಕ್ಕದ ಬಾನಿಯಲ್ಲಿದ್ದ ಮೈಲುತುತ್ತದ ನೀಲಿ ನೀರಿಗೆ ಅದ್ದಿದ. ಇದು ಆ ಕಸುಬಿನವರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು. ಮೈಲುತುತ್ತದ ನೀರು ಕುಡಿದ ಬಣ್ಣ ಎಷ್ಟು ಒಗೆದರೂ ಬಿಡುವುದಿಲ್ಲ. ಮಳೆಗಾಲದಲ್ಲಿ ಗಂಜಿಗೂ ಅದನ್ನೇ ಒಂದು ಚಿಟಿಕೆ ಹಾಕುತ್ತಾರೆ. ಹಾಕಿದರೆ ನೂಲಿಗೆ ಬೂಷ್ಟು ಹಿಡಿಯುವುದಿಲ್ಲ. ಸುಬ್ಬರಾಯಪ್ಪ ಸಾವಿರ ಸಲ ಕಂಡ ಕೆಲಸವನ್ನು ಈಗ ಹೊಸದಾಗಿ ನೋಡುತ್ತ ನಿಂತ. ಇದ್ದ ಬಣ್ಣ ಹೋಗಬಾರದು, ಇಲ್ಲದ್ದು ಬರಬಾರದು. ತನಗೆ ಬೇಕಾದದ್ದು ಅಷ್ಟೇ ಅಲ್ಲವೇ?

"ಗಾಜಿನ್ ಮೇಲಿನ್ ಅಸ್ರನ್ನೂ ಇಂಗೇ ನಿಲ್ಲಿಸ್ಬೋದು," ಎಂದ.

ಪೊನ್ನುಸ್ವಾಮಿ ಅಪ್ಪನ ಮುಖ ನೋಡಿದ. ತಾಯಿ ಹೋದ ಮೇಲೆ ಅಪ್ಪ ತನ್ನೊಡನೆ ತಾನಾಗಿ ಆಡಿದ ಮೊದಲ ಮಾತು ಅದು. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ರಾಜಾತಿ ಮಾತ್ರ, "ನೂಲು ಬೇರೆ, ಪಾಚಿ ಬೇರೆ ಅಲ್ವಾ ಮಾವಾ?" ಎಂದಳು.

"ಬಣ್ಣ ಅಂದ್ಮೇಲೆ ಎಲ್ಲಾ ಒಂದೇ ಕಣವ್ವಾ."

ಮೀನನ್ನು ಕೊಲ್ಲುವಷ್ಟು ದಡ್ಡನಲ್ಲ ಅವನು. ಮೈಲುತುತ್ತ ವಿಷವೆಂದು ನೇಕಾರರ ಮನೆಯ ಕೂಸಿಗೂ ಗೊತ್ತು; ಅದಕ್ಕೇ ಅದನ್ನು ಕೂಸುಗಳ ಕೈಗೆ ಸಿಗದಂತೆ ಅಟ್ಟದಲ್ಲಿ ಇಡುವುದು. ಅಗಲ ಬಾಯಿಯ ಹೊಸ ಮಣ್ಣಿನ ಬಾನಿಯನ್ನು ತೊಳೆದು, ಈಶ್ವರನ್ ತಂದ ಕಡಲ ನೀರು ತುಂಬಿ, ಮೀನನ್ನೂ ಬಾಡಿಗೆಯವನನ್ನೂ ಕೈಬಲೆಯಿಂದ ಎತ್ತಿ ಅದಕ್ಕೆ ಬಿಟ್ಟ. ಆಮೇಲೆ ಮೈಲುತುತ್ತ ಪುಡಿ ಮಾಡಿ, ನೀರಲ್ಲಿ ಕಲಸಿ, ಅಂಚಿನ ಬಣ್ಣ ನಿಲ್ಲಿಸುವ ಹದದಲ್ಲಿ, ಕೈಯ ಗುರುತಿಗೆ ಅಲೆ ತಾಗದಂತೆ ತೊಟ್ಟಿಯ ಹಿಂದಿನ ಮೂಲೆಯಿಂದ ಮೆಲ್ಲಗೆ ಬಿಟ್ಟ. ದೇವರಿಗೆ ಅಭಿಷೇಕ ಮಾಡುವಾಗಲೂ ಅವನು ಅಷ್ಟು ನಿಧಾನಿಸಿದವನಲ್ಲ.

ಮರುದಿನ ಪಂಚೆ ಸರಿಸಿ ನೋಡಿದ. ಕೈ ಹಾಗೇ ಇತ್ತು. ಹಸಿರಿಗೆ ಒಂದಿಷ್ಟು ನೀಲಿ ಛಾಯೆ ಬಂದಿತ್ತೇ ಹೊರತು ಒಂದು ಎಳೆಯೂ ಮುಂದೆ ಬಂದಿರಲಿಲ್ಲ. ಅದರ ಮರುದಿನವೂ ಹಾಗೇ. ಸುಬ್ಬರಾಯಪ್ಪ ಆವತ್ತು ಎರಡನೇ ಸಲ ಅನ್ನ ಹಾಕಿಸಿಕೊಂಡ. ಮೊಮ್ಮಗಳನ್ನು ಎತ್ತಿಕೊಂಡು, "ನಿಮ್ಮಜ್ಜಿ ಎಲ್ಲೂ ಓಗಿಲ್ಲ ಕಣಮ್ಮಾ," ಎಂದ. ಅಡುಗೆಮನೆಯಲ್ಲಿದ್ದ ರಾಜಾತಿಗೆ ಅದನ್ನು ಕೇಳಿ ಅಳು ಬಂತು, ಸಮಾಧಾನವೂ ಆಯಿತು. ಬಣ್ಣ ಹಾಕಿದ ನೂಲನ್ನು ನೆರಳಲ್ಲೇ ಆರಿಸಬೇಕು, ಬೆಳಕು ತಾಗಿದರೆ ಬಣ್ಣ ಕೂರುವುದಿಲ್ಲ ಎಂಬುದೂ ಆ ಕಸುಬಿನ ಮಾತು. ಹಾಗಾಗಿ ಅವನು ಪಂಚೆಯನ್ನು ಮತ್ತೆ ಹೊದಿಸಿ, ತಿಂಗಳ ಎಡೆಯ ದಿನದವರೆಗೆ ಯಾರೂ ತೆಗೆಯಬಾರದು ಎಂದು ಕಟ್ಟು ಮಾಡಿದ. ತಾನೂ ತೆಗೆಯಲಿಲ್ಲ. ಮಗ್ಗದಲ್ಲಿ ಲಾಳಿ ಮತ್ತೆ ಮೊದಲಿನ ವೇಗಕ್ಕೆ ಓಡಾಡಿತು.

ತಿಂಗಳ ಎಡೆಗೆ ಪಳನಿಯಮ್ಮ ಬಂದಳು. ಎಲೆ ಹಾಕಿ, ಕುಪ್ಪಮ್ಮನಿಗೆ ಇಷ್ಟವಾದ ಅವರೆಕಾಳು ಹುಳಿ, ಕಡುಬು ಬಡಿಸಿ, ಕಾಗೆಗೆ ಇಟ್ಟು, ಎಲ್ಲರ ಊಟ ಮುಗಿದ ಮೇಲೆ ಸುಬ್ಬರಾಯಪ್ಪ ಅಕ್ಕನನ್ನು ತೊಟ್ಟಿಯ ಬಳಿ ಕರೆದ. ಅವನ ಮುಖದಲ್ಲಿ ಒಂದು ಹುರುಪಿತ್ತು. ಹೊಸ ಸೀರೆಯನ್ನು ಮಗ್ಗದಿಂದ ಇಳಿಸಿ ಬಿಚ್ಚಿ ತೋರಿಸುವಾಗ ಇರುವಂಥದು.

"ಅವತ್ತು ಚೆಲ್ಲು ಅಂದ್ಯಲ್ಲಕ್ಕಾ, ಈಗ್ನೋಡು," ಎಂದು ಪಂಚೆ ಎಳೆದ.

ಗಾಜು ತಿಳಿಯಾಗಿತ್ತು. ಅಂಗಡಿಯಿಂದ ಆವತ್ತೇ ತಂದ ಗಾಜಿನಂತೆ, ಈ ಕೊನೆಯಿಂದ ಆ ಕೊನೆಯವರೆಗೆ ಒಂದು ಚೂರು ಹಸಿರಿಲ್ಲ. ಅದರಾಚೆಗೆ ನೀಲಿ ನೀರು, ನೀರಿನಾಚೆಗೆ ಕಿಟಕಿಯ ಸರಳು, ಬೀದಿಯಲ್ಲಿ ನೂಲಿನ ಹಾಸು ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದ ಜನ, ಎಲ್ಲ ಕಾಣುತ್ತಿತ್ತು. ಪಾಚಿ ಸತ್ತು, ಬಿಳಿಚಿ, ಸುಲಿದು, ತಳದಲ್ಲಿ ಹಳೆಯ ಗಂಜಿಯ ಗಸಿಯಂತೆ ಬಿದ್ದಿತ್ತು.

ಪಳನಿಯಮ್ಮ ತಡಮಾಡದೆ ಕೆನ್ನೆಗೆ ಕೈ ಹಚ್ಚಿ, "ಅಬ್ಬಾ, ಎಷ್ಟು ಸೊಗ್ಸಾಗಿ ತೊಳ್ದಿದ್ದೀಯಲ್ಲೋ ಸುಬ್ಬಾ!" ಎಂದಳು. "ಇಷ್ಟು ಬುದ್ಧಿ ಬಂತಲ್ಲ, ಸಾಕು. ಈಗ ಅವ್ಳಿಗೂ ದಾರಿ ಆಯ್ತು."

ಸುಬ್ಬರಾಯಪ್ಪ ಗಾಜಿನ ಮುಂದೆ ಬಗ್ಗಿದ. ಈ ಮಗ್ಗುಲಿಂದ ನೋಡಿದ, ಆ ಮಗ್ಗುಲಿಂದ ನೋಡಿದ. ಬೆಳಕಿಗೆ ಓರೆ ಹಿಡಿದರೆ ಒಂದು ಗೆರೆಯಾದರೂ ಕಂಡೀತು ಎಂದು ತಲೆ ವಾಲಿಸಿದ. ಆಮೇಲೆ ಎದ್ದು ಹೋಗಿ ಮೊಳೆಗೆ ನೇತಾಡುತ್ತಿದ್ದ ಕುಪ್ಪಮ್ಮನ ಒರೆಸುವ ಬಟ್ಟೆಯನ್ನು ತೆಗೆದುಕೊಂಡ. ಅವಳು ಸತ್ತ ಸಂಜೆ ರಾಜಾತಿ ಅದನ್ನು ತೊಟ್ಟಿಯಿಂದೆತ್ತಿ, ಒಗೆದು ಅಲ್ಲಿ ಹಾಕಿದ್ದಳು. ಅದನ್ನು ಬೆರಳಿಗೆ ಸುತ್ತಿಕೊಂಡು, ಅಂಗಿಯ ತೋಳು ಮಡಿಸದೆ ಕೈಯನ್ನು ನೀರಿಗಿಳಿಸಿ ಗಾಜನ್ನು ಉಜ್ಜತೊಡಗಿದ. ಇಷ್ಟು ವರ್ಷದಲ್ಲಿ ಅವನು ಆ ಕೆಲಸ ಮಾಡಿದ್ದು ಅದೇ ಮೊದಲು. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ಉಜ್ಜಿ ತೆಗೆದು ನೋಡಿದರೆ ಬಟ್ಟೆಗೆ ಏನೂ ಅಂಟಿರಲಿಲ್ಲ. ಮತ್ತೆ ಇಳಿಸಿ ಉಜ್ಜಿದ.

"ಸಾಕು ಮಾವಾ. ವಿಷದ ನೀರು ಅದು," ಎಂದು ರಾಜಾತಿ ಅವನ ತೋಳು ಹಿಡಿದು ಈಚೆಗೆ ಎಳೆದಳು.

"ಪಾಚಿ ಇದ್ದುದ್ಕೆ ಕೈ ಇತ್ತು ಕಣವ್ವಾ," ಎಂದ ಅವನು. "ಪಾಚಿ ಓದ್ರೆ ಅದೂ ಓಯ್ತದೆ ಅಂತ ನನ್ ಮಂಡೆಗೆ ಒಳೀಲೇ ಇಲ್ವಲ್ಲ." ಹೆಂಡತಿ ಸತ್ತ ದಿನ ಅಳದಿದ್ದವನು ಕಟ್ಟೆಗೆ ಒರಗಿ ಕೂತು, ಮಕ್ಕಳು ಅಳುವಂತೆ ಅತ್ತ. ಪಳನಿಯಮ್ಮನಿಗೆ ಈಗ ತಿಳಿಯಿತು. ಅವಳು ತಮ್ಮನ ಪಕ್ಕದಲ್ಲಿ ನೆಲಕ್ಕೆ ಕೂತು, ಅವನ ಒದ್ದೆ ತೋಳನ್ನು ತನ್ನ ಸೆರಗಿನಿಂದ ಒರೆಸಿದಳು. ದಾರಿಯ ಮಾತು ಮತ್ತೆ ಎತ್ತಲಿಲ್ಲ.

ಸಂಜೆ ಪೊನ್ನುಸ್ವಾಮಿಯೂ ಬೀದಿಯ ಇಬ್ಬರೂ ಸೇರಿ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಊರಾಚೆಯ ಹಳ್ಳಕ್ಕೆ ಸುರಿದು ಬಂದರು. ತೊಟ್ಟಿಯನ್ನು ಮರಳು ಹಾಕಿ ತೊಳೆದರು. ಪಳನಿಯಮ್ಮ ಎಡಪ್ಪಾಡಿಗೆ ಹೋಗುವ ಮೊದಲು ಅದಕ್ಕೆ ಒಂದು ಬೊಟ್ಟು ಅರಿಸಿನ ಇಟ್ಟಳು. ಈಶ್ವರನ್ ಮುಂದಿನ ಎರಡು ಡ್ಯೂಟಿಗೂ ಜಾಡಿ ತುಂಬಿ ತಂದ. ಸೂರಮಂಗಲದ ಸ್ಟೇಷನ್ನಿನಿಂದ ಜಟಕಾದಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತು ಬಂದನಂತೆ. ತೊಟ್ಟಿ ಮತ್ತೆ ತುಂಬಿತು.

ಅದನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ, "ಬಿಸ್ಲು ಬೀಳ್ದಂಗೆ ಒಳಗೇ ಇಡಾನಾ ಅಪ್ಪಾ? ಅವ್ವ ಅದ್ನೇ ಏಳ್ತಿದ್ರು," ಎಂದ ಪೊನ್ನುಸ್ವಾಮಿ.

"ಬ್ಯಾಡ. ಕಿಟಕಿಗೇ ಇಡು."

ಮೀನು, ಏಡಿ ಇನ್ನೂ ಮಣ್ಣಿನ ಬಾನಿಯಲ್ಲೇ ಇದ್ದವು. ಒಂದು ಬೆಳಿಗ್ಗೆ ಸುಬ್ಬರಾಯಪ್ಪ ಬಾನಿಗೆ ಬೆರಳದ್ದಿ ನಾಲಿಗೆಗಿಟ್ಟುಕೊಂಡ. ಉಪ್ಪು ಎಂದಷ್ಟೇ ತಿಳಿಯಿತು. ಹೆಚ್ಚೋ ಕಡಿಮೆಯೋ ತಿಳಿಯಲಿಲ್ಲ. ಇನ್ನೊಮ್ಮೆ ನೆಕ್ಕಿ ನೋಡಿದ. ಒಲೆಯ ಮುಂದಿದ್ದ ರಾಜಾತಿ ಎದ್ದು ಬಂದು, ಕೈ ಒರೆಸಿಕೊಂಡು, ತಾನೂ ಒಂದು ಬೆರಳದ್ದಿ ರುಚಿ ನೋಡಿದಳು.

"ಉಪ್ಪೇರೈತೆ ಮಾವಾ," ಎಂದಳು. "ಒಂದು ಚೊಂಬು ಸೀನೀರು ಬಿಡ್ಬೇಕು."

ಅವನು ಅವಳ ಮುಖವನ್ನೇ ನೋಡಿದ. "ನಿಂಗೆಂಗ್ ತಿಳೀತು?"

"ಜ್ವರ ಬಂದಾಗ ಅತ್ತೆ ಮನಿಕ್ಕೊಂಡೇ ಕಲಿಸ್ಕೊಟ್ರು. ನೀರು ಬಿಟ್ಟು ಬಿಟ್ಟು ನೋಡೋಕೆ ಏಳೋರು. ಅಷ್ಟಾದ್ರೂ ಮಾಡು, ಪಾಚಿ ನಾನ್ ಎದ್ಮೇಲೆ ಒರೆಸ್ಕೊಂತೀನಿ ಅಂದ್ರು."

ಸುಬ್ಬರಾಯಪ್ಪ ಚೊಂಬು ತಂದು ನೀರು ಬಿಟ್ಟ. ಅವಳು ಸಾಕು ಎನ್ನುವವರೆಗೂ ಬಿಟ್ಟ. ಮೀನು ಬಾನಿಯ ತಳದಿಂದ ಮೇಲೆ ಬಂದು ಒಂದು ಸುತ್ತು ಹಾಕಿತು. ಮೇಲಿನಿಂದ ನೋಡಿದರೆ ಪಟ್ಟೆ ಕಾಣುವುದಿಲ್ಲ; ಒಂದು ಕಪ್ಪು ಬೆನ್ನು ಮಾತ್ರ.

"ತೊಟ್ಟಿಗೆ ಬಿಡ್ಲಾ ಮಾವಾ? ಪಾಪ, ಕತ್ಲಲ್ಲೇ ಐತೆ."

"ಈಗ್ಲೇ ಬ್ಯಾಡ," ಎಂದ ಅವನು. "ಆ ಗಾಜಿನ್ ಸಂದೀಲಿ ಎಲ್ಲಿ ವಿಷ ಕುಂತೈತೋ ಏನೋ. ಮೊದ್ಲು ಪಾಚಿ ಬರ್ಲಿ."

ಕುಪ್ಪಮ್ಮನ ಬಟ್ಟೆಯನ್ನು ಅವನು ಬಿಸಿನೀರಲ್ಲಿ ತಾನೇ ಒಗೆದು ಮೊಳೆಗೆ ಹಾಕಿದ್ದ. ಅದರ ಕೆಳಗೆ ಹಾದು ಹೋಗಿ ಮಗ್ಗದ ಗುಂಡಿಗೆ ಇಳಿದ. ಹೊತ್ತೇರುತ್ತಿದ್ದಂತೆ ಬಿಸಿಲು ಕಿಟಕಿಯಿಂದ ತೊಟ್ಟಿಯನ್ನು ದಾಟಿ ನೆಲದ ಮೇಲೆ ಬಂತು. ನೀರಿನ ಬೆಳಕು ಸುಣ್ಣದ ಗೋಡೆಯ ಮೇಲೆ, ಹಾಸಿನ ಎಳೆಗಳ ಮೇಲೆ ಅಲುಗಾಡಿತು. ನಾಲ್ಕು ಸಲ ಲಾಳಿ ಎಸೆದವನು ನಿಲ್ಲಿಸಿ, ಕತ್ತು ತಿರುಗಿಸಿ ನೋಡುವನು. ಮತ್ತೆ ಎಸೆಯುವನು. ಮತ್ತೆ ನೋಡುವನು.

ಗಾಜು ತಿಳಿಯಾಗಿಯೇ ಇತ್ತು.